ಲಕ್ವ, ಗಡಿಯಾರ ಮತ್ತು ಘಟ್ಟದ ದಾರಿ

ಲಕ್ವದ ವಿಷಯದಲ್ಲಿ ಅಂಕೋಲೆ ತಾಲ್ಲೂಕಿಗೆ ಒಂದು ವಿಚಿತ್ರ ಸ್ಥಾನವಿದೆ. ಪಾರ್ಶ್ವವಾಯು ಬಡಿದವರಿಗೆ ನಾಟಿ ಔಷಧಿ ಕೊಡುವ ಊರೆಂದು ಬೆಳಂಬಾರದ ಹೆಸರು ದೂರದ ಜಿಲ್ಲೆಗಳಿಗೂ ಹಬ್ಬಿದೆ. ಕೈಕಾಲು ಬಿದ್ದುಹೋದ ತಂದೆಯನ್ನೋ ತಾಯಿಯನ್ನೋ ಬಾಡಿಗೆಯ ಗಾಡಿಯಲ್ಲಿ ಮಲಗಿಸಿಕೊಂಡು ಘಟ್ಟದ ಮೇಲಿನವರು ಅಲ್ಲಿಗೆ ಬರುತ್ತಾರೆ. ಅದೇ ಹೆದ್ದಾರಿಯಲ್ಲಿ, ವಿರುದ್ಧ ದಿಕ್ಕಿಗೆ, ಅಂಕೋಲೆ ಕಾರವಾರಗಳ ರೋಗಿಗಳನ್ನು ಹೊತ್ತ ಆಂಬುಲೆನ್ಸುಗಳು ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವೆಗೋ ಓಡುತ್ತಿರುತ್ತವೆ. ರೋಗ ಒಂದೇ, ಪ್ರಯಾಣ ಮಾತ್ರ ಎರಡು ದಿಕ್ಕಿನದು. ಕಳೆದ ಮೂರು ನಾಲ್ಕು ದಶಕಗಳಲ್ಲಿ ಮಿದುಳಿನ ರಕ್ತನಾಳಗಳ ಚಿಕಿತ್ಸೆಯಲ್ಲಿ ನಡೆದಿರುವ ಸಂಶೋಧನೆಯಿಂದ ಕರಾವಳಿಯ ಈ ತುಂಡಿಗೆ ದೊರೆತುದೇನು, ದೊರೆಯಬೇಕಾದುದೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ನಾವು ವೈದ್ಯರಲ್ಲ, ಭೌತವಿಜ್ಞಾನವನ್ನು ಪಾಠ ಹೇಳುವವರು. ಆದರೆ ಈ ಚಿಕಿತ್ಸೆಯಲ್ಲಿ ಒತ್ತಡ, ಪ್ರವಾಹ, ವಿದ್ಯುತ್ತು, ಕ್ಷ-ಕಿರಣ ಇವುಗಳ ಪಾತ್ರ ಎಷ್ಟು ಹಿರಿದೆಂದರೆ, ನಮ್ಮಂಥವರು ಬಾಯಿ ಹಾಕುವುದನ್ನು ವೈದ್ಯಮಿತ್ರರು ಮನ್ನಿಸಬಹುದು.

ಮನುಷ್ಯನ ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ದೇಹವು ವಿಶ್ರಾಂತಿಯಲ್ಲಿರುವಾಗ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲು ಅದಕ್ಕೇ ಸಲ್ಲುತ್ತದೆ. ಇಷ್ಟು ದುಂದುಗಾರನಾದರೂ ಅದು ನಾಳೆಗೆಂದು ಏನನ್ನೂ ಕೂಡಿಡುವುದಿಲ್ಲ. ಸ್ನಾಯುಗಳಿಗೆ ಒಂದಿಷ್ಟು ಉಗ್ರಾಣವಿದೆ, ಯಕೃತ್ತಿಗೆ ಇದೆ, ಮಿದುಳಿಗೆ ಇಲ್ಲ. ಆದುದರಿಂದ ರಕ್ತದ ಹರಿವು ನಿಂತ ಕೆಲವೇ ಸೆಕೆಂಡುಗಳಲ್ಲಿ ಅದರ ಕೆಲಸ ನಿಲ್ಲುತ್ತದೆ, ಕೆಲವು ನಿಮಿಷಗಳಲ್ಲಿ ಅದರ ಕೋಶಗಳು ಸಾಯತೊಡಗುತ್ತವೆ.

ಈ ಹರಿವು ಕೆಡುವ ಬಗೆ ಎರಡು. ಧಮನಿಯೊಳಗೆ ರಕ್ತವು ಹೆಪ್ಪುಗಟ್ಟಿ ದಾರಿ ಮುಚ್ಚುವುದು ಒಂದು. ಧಮನಿ ಒಡೆದು ರಕ್ತ ಹೊರಚೆಲ್ಲುವುದು ಇನ್ನೊಂದು. ಮೊದಲನೆಯದೇ ಹೆಚ್ಚು ಸಾಮಾನ್ಯ. ನಮ್ಮ ದೇಶದಲ್ಲಿ ಎರಡನೆಯದರ ಪಾಲು ಪಾಶ್ಚಾತ್ಯ ದೇಶಗಳಲ್ಲಿಗಿಂತ ಹೆಚ್ಚು. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಲಕ್ವ: ಬಾಯಿ ಸೊಟ್ಟಗಾಗುತ್ತದೆ, ತೋಳು ಜೋತುಬೀಳುತ್ತದೆ, ಮಾತು ತೊದಲುತ್ತದೆ. ಎಂಥ ನುರಿತ ವೈದ್ಯನೂ ನಾಡಿ ಹಿಡಿದು ಇದು ಇಂಥದೇ ಎಂದು ಖಚಿತವಾಗಿ ಹೇಳಲಾರ. ಹೇಳಬಲ್ಲುದು ಸಿ.ಟಿ. ಯಂತ್ರ. ಹೌನ್ಸ್‌ಫೀಲ್ಡನ ಈ ಯಂತ್ರವು ೧೯೭೧ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯನ್ನು ಚಿತ್ರಿಸಿದಾಗ ಈ ಗೊಂದಲಕ್ಕೆ ತೆರೆ ಬಿದ್ದಿತು. ಹೆಪ್ಪನ್ನು ಕರಗಿಸುವ ಔಷಧಿಯನ್ನು ಒಡೆದ ನಾಳದವನಿಗೆ ಕೊಟ್ಟರೆ ಅದು ವಿಷವೇ ಸರಿ. ಆದುದರಿಂದ ಯಂತ್ರದ ಚಿತ್ರ ಬರುವ ಮೊದಲು ಯಾರೂ ಸೂಜಿ ಎತ್ತುವಂತಿಲ್ಲ. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನಾವು ಹೇಳುವುದೆಲ್ಲ ಇದನ್ನೇ ಅವಲಂಬಿಸಿದೆ.

ಒಡೆಯುವ ನಾಳಗಳಲ್ಲಿ ಒಂದು ವಿಶೇಷ ಜಾತಿಯಿದೆ. ಸೈಕಲ್ಲಿನ ಹಳೆಯ ಟ್ಯೂಬಿನಲ್ಲಿ ಒಂದು ಕಡೆ ರಬ್ಬರು ಸವೆದು ಗುಳ್ಳೆಯೆದ್ದುದನ್ನು ಎಲ್ಲರೂ ಕಂಡಿದ್ದೇವೆ. ಮಿದುಳಿನ ಬುಡದಲ್ಲಿ ಧಮನಿಗಳು ಒಂದಕ್ಕೊಂದು ಕೂಡಿ ಉಂಟಾಗುವ ವಿಲ್ಲಿಸನ ವರ್ತುಲದಲ್ಲಿ, ಕವಲೊಡೆಯುವ ಮೂಲೆಗಳಲ್ಲಿ, ಇಂಥ ಗುಳ್ಳೆಗಳು ಏಳುತ್ತವೆ. ಇದನ್ನು ಧಮನಿಯುಬ್ಬು ಎನ್ನೋಣ. ಗುಳ್ಳೆ ದೊಡ್ಡದಾದಷ್ಟೂ ಒಡೆಯುವ ಭಯ ಹೆಚ್ಚುವುದೇಕೆ ಎಂಬುದಕ್ಕೆ ಲಾಪ್ಲಾಸನ ನಿಯಮ ಉತ್ತರ ಕೊಡುತ್ತದೆ. ಒಳಗಿನ ಒತ್ತಡ ಅಷ್ಟೇ ಇದ್ದರೂ ಗೋಳದ ತ್ರಿಜ್ಯ ಇಮ್ಮಡಿಸಿದರೆ ಗೋಡೆಯ ಮೇಲಿನ ಬಿಗಿತವೂ ಇಮ್ಮಡಿಸುತ್ತದೆ. ಉಬ್ಬಿದಷ್ಟೂ ಗೋಡೆ ತೆಳುವಾಗುವುದರಿಂದ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಇಂಥ ಉಬ್ಬು ಇರುತ್ತದೆಂದು ಅಂದಾಜು. ಅವರಲ್ಲಿ ಹೆಚ್ಚಿನವರು ಅದು ಇದ್ದುದನ್ನೇ ಅರಿಯದೆ ಪೂರ್ಣಾಯುಷ್ಯ ಬಾಳಿ ಹೋಗುತ್ತಾರೆ. ಆದರೆ ಒಡೆದರೆ ಸಿಡಿಲು ಬಡಿದಂಥ ತಲೆನೋವು, ವಾಂತಿ, ಬಿಗಿದ ಕತ್ತು, ಅನೇಕ ವೇಳೆ ಮರಣ.

ಉಬ್ಬಿನ ಕತ್ತಿಗೆ ಹೊರಗಿನಿಂದ ಚಿಮುಟ ಹಾಕಿ ಮುಚ್ಚುವ ಶಸ್ತ್ರಚಿಕಿತ್ಸೆಯನ್ನು ಅಮೆರಿಕದ ವಾಲ್ಟರ್ ಡ್ಯಾಂಡಿ ೧೯೩೭ರಲ್ಲಿ ಮಾಡಿ ತೋರಿಸಿದನು. ಅದಕ್ಕೆ ತಲೆಬುರುಡೆ ತೆರೆಯಬೇಕು, ಮಿದುಳನ್ನು ಸರಿಸಬೇಕು. ತೆರೆಯದೆಯೇ ರಕ್ತನಾಳದ ಒಳದಾರಿಯಿಂದ ಅಲ್ಲಿಗೆ ಹೋಗಬಾರದೇಕೆ ಎಂಬ ಯೋಚನೆಯ ಹಿಂದೆ ಒಂದು ದೀರ್ಘ ಪರಂಪರೆಯಿದೆ. ಲಿಸ್ಬನ್ನಿನ ಎಗಾಸ್ ಮೊನಿಜ್ ೧೯೨೭ರಲ್ಲಿ ಕ್ಷ-ಕಿರಣವನ್ನು ತಡೆಯುವ ದ್ರವವನ್ನು ಕತ್ತಿನ ಧಮನಿಗೆ ಚುಚ್ಚಿ ಮಿದುಳಿನ ನಾಳಗಳ ಚಿತ್ರ ತೆಗೆದನು. ಸ್ವೀಡನ್ನಿನ ಸೆಲ್ಡಿಂಗರ್ ೧೯೫೩ರಲ್ಲಿ ಸೂಜಿಯೊಳಗೆ ತಂತಿ ತೂರಿಸಿ, ತಂತಿಯ ಮೇಲೆ ನಳಿಕೆ ಜಾರಿಸುವ ಸರಳ ಉಪಾಯ ಕಂಡುಹಿಡಿದನು. ಇಂದಿಗೂ ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ಒಳಹೋಗುವ ನಳಿಕೆಗಳೆಲ್ಲ ಅದೇ ವಿಧಾನಕ್ಕೆ ಋಣಿ. ಮಾಸ್ಕೋದ ಸೆರ್ಬಿನೆಂಕೋ ನಳಿಕೆಯ ತುದಿಗೆ ಪುಟ್ಟ ಬಲೂನು ಕಟ್ಟಿ, ಬೇಕಾದೆಡೆ ಅದನ್ನು ಊದಿ, ಅಲ್ಲೇ ಬಿಟ್ಟುಬರುವುದನ್ನು ಸಾಧಿಸಿ ೧೯೭೪ರಲ್ಲಿ ಲೋಕಕ್ಕೆ ತಿಳಿಸಿದನು. ಮೇ ದಿನದ ಮೆರವಣಿಗೆಯಲ್ಲಿ ಮಕ್ಕಳ ಕೈಯ ಬಲೂನು ಕಂಡು ಅವನಿಗೆ ಇದು ಹೊಳೆಯಿತೆಂದು ಹೇಳುತ್ತಾರೆ.

ಆದರೆ ನಮ್ಮ ಮನಸ್ಸನ್ನು ಸೆರೆಹಿಡಿದಿರುವುದು ಇಟಲಿಯ ಗುಗ್ಲಿಯೆಲ್ಮಿಯ ಕಥೆ. ಉಬ್ಬಿನೊಳಗೆ ಧನ ವಿದ್ಯುದಗ್ರವನ್ನಿಟ್ಟರೆ, ಋಣ ವಿದ್ಯುದಂಶವುಳ್ಳ ರಕ್ತಕಣಗಳು ಅದರ ಸುತ್ತ ಸೇರಿ ಹೆಪ್ಪುಗಟ್ಟಿ ಉಬ್ಬು ತುಂಬಿಹೋಗಬಹುದೆಂದು ಅವನು ಪ್ರಾಣಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದನು. ಅವನು ಎಣಿಸಿದಷ್ಟು ಹೆಪ್ಪು ಉಂಟಾಗಲಿಲ್ಲ; ಬದಲಿಗೆ ವಿದ್ಯುದ್ವಿಭಜನೆಯಿಂದ ಉಕ್ಕು ಕರಗಿ ತಂತಿಯ ತುದಿ ಕಳಚಿಹೋಯಿತು. ಬೇರೆಯವನಾಗಿದ್ದರೆ ಪ್ರಯೋಗ ಕೆಟ್ಟಿತೆಂದು ಕೈತೊಳೆದುಕೊಳ್ಳುತ್ತಿದ್ದನು. ಅವನು ಅದನ್ನೇ ಸಾಧನವಾಗಿಸಿದನು. ಕೂದಲೆಳೆಯಂಥ ಪ್ಲಾಟಿನಂ ತಂತಿಯ ಮೃದುವಾದ ಸುರುಳಿಯನ್ನು ಉಕ್ಕಿನ ತಂತಿಗೆ ಬೆಸೆದು, ಉಬ್ಬಿನೊಳಗೆ ಸುತ್ತಿಟ್ಟು, ಸರಿಯಾಗಿ ಕುಳಿತಿದೆಯೆಂದು ಚಿತ್ರದಲ್ಲಿ ನೋಡಿಕೊಂಡ ಮೇಲೆ, ಒಂದು ಮಿಲಿಆಂಪಿಯರಿನ ಆಸುಪಾಸಿನ ವಿದ್ಯುತ್ತು ಹರಿಸಿದರೆ ಸಾಕು: ಉಕ್ಕು ಕರಗುತ್ತದೆ, ಪ್ಲಾಟಿನಂ ಕರಗುವುದಿಲ್ಲ, ಸುರುಳಿ ಅಲ್ಲೇ ಉಳಿಯುತ್ತದೆ. ಸರಿಯಾಗಿ ಕುಳಿತಿಲ್ಲವಾದರೆ ವಿದ್ಯುತ್ತು ಹರಿಸುವ ಮೊದಲು ಹಿಂದಕ್ಕೆಳೆದುಕೊಳ್ಳಬಹುದು. ಈ ವಿಧಾನದಿಂದ ಮೊದಲ ರೋಗಿಗೆ ಚಿಕಿತ್ಸೆ ನಡೆದುದು ೧೯೯೦ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಪ್ರಥಮ ವರ್ಷದ ಪದವಿ ತರಗತಿಯಲ್ಲಿ ನಾವು ಬೋಧಿಸುವ ಫ್ಯಾರಡೆಯ ನಿಯಮವು ಒಂದು ಜೀವವನ್ನು ಹೀಗೆ ಕಾಯುತ್ತದೆಂಬುದನ್ನು ವಿದ್ಯಾರ್ಥಿಗಳಿಗೆ ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಹೊಸತೆಂಬ ಕಾರಣಕ್ಕೆ ಒಂದು ಚಿಕಿತ್ಸೆ ಮೇಲೆಂದಾಗುವುದಿಲ್ಲ. ಚಿಮುಟವೋ ಸುರುಳಿಯೋ ಎಂಬ ವಿವಾದವನ್ನು ತೀರಿಸಲು ಮುಖ್ಯವಾಗಿ ಬ್ರಿಟನ್ನು ಮತ್ತು ಯುರೋಪಿನ ಆಸ್ಪತ್ರೆಗಳು ಸೇರಿ ನಡೆಸಿದ ಪರೀಕ್ಷೆಯ ಫಲ ೨೦೦೨ರಲ್ಲಿ ಪ್ರಕಟವಾಯಿತು. ೨,೧೪೩ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಲ್ಲಿ ಹಂಚಿದ್ದರು. ಒಂದು ವರ್ಷದ ಕೊನೆಗೆ ಸತ್ತವರು ಅಥವಾ ಪರಾಧೀನರಾದವರು ಚಿಮುಟದ ಗುಂಪಿನಲ್ಲಿ ನೂರಕ್ಕೆ ೩೦.೬; ಸುರುಳಿಯ ಗುಂಪಿನಲ್ಲಿ ೨೩.೭. ವ್ಯತ್ಯಾಸ ದೊಡ್ಡದೇ. ಆದರೆ ಎರಡೂ ಚಿಕಿತ್ಸೆ ಸಲ್ಲಬಹುದೆಂದು ವೈದ್ಯರಿಗೆ ತೋರಿದ ರೋಗಿಗಳನ್ನು ಮಾತ್ರ ಆ ಪರೀಕ್ಷೆಗೆ ಸೇರಿಸಿಕೊಂಡಿದ್ದರೆಂಬುದನ್ನೂ, ಸುರುಳಿ ಹಾಕಿದವರಲ್ಲಿ ಮತ್ತೆ ಚಿಕಿತ್ಸೆ ಬೇಕಾದವರು ಹೆಚ್ಚು ಎಂಬುದನ್ನೂ ಮರೆಯಬಾರದು.

ಸುರುಳಿಯ ಅನಂತರ ಬಂದುದು ಪ್ರವಾಹವನ್ನೇ ತಿರುಗಿಸುವ ಜಾಲರಿ. ಉಬ್ಬನ್ನು ತುಂಬುವ ಬದಲು ಅದರ ಬಾಯಿಯ ಎದುರಿಗೆ, ಮೂಲ ಧಮನಿಯಲ್ಲಿ, ಒತ್ತಾದ ಹೆಣಿಗೆಯ ಕೊಳವೆಯನ್ನಿಟ್ಟರೆ ಒಳಗೆ ರಕ್ತದ ಸುಳಿ ಕುಗ್ಗಿ ಉಬ್ಬು ತಾನಾಗಿ ಮುಚ್ಚಿಹೋಗುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯು ಇಂಥ ಒಂದು ಜಾಲರಿಯನ್ನು ರೂಪಿಸಿ ೨೦೨೦ರಲ್ಲಿ ಪ್ರಕಟಿಸಿತು. ಅದಕ್ಕೆ ಬೇಕಾದ ನಿಕ್ಕಲ್ ಟೈಟಾನಿಯಂ ಮಿಶ್ರಲೋಹವು ಬಂದುದು ವಿಮಾನ ವಿಜ್ಞಾನಕ್ಕೆಂದು ಸ್ಥಾಪಿತವಾದ ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದಿಂದ. ಬಗ್ಗಿಸಿದರೂ ತನ್ನ ಮೊದಲ ಆಕಾರವನ್ನು ನೆನಪಿಟ್ಟುಕೊಳ್ಳುವ ಲೋಹವದು. ವಿದೇಶದಿಂದ ತರಿಸಿದ ಒಂದು ಜಾಲರಿಗೆ ಏಳೆಂಟು ಲಕ್ಷ ರೂಪಾಯಿ ತಗಲುತ್ತಿತ್ತೆಂದು ಆಗ ಹೇಳಲಾಗಿತ್ತು. ಮೀನು ಮಾರಿ ಬದುಕುವ ಮನೆಗೆ ಅದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ಇನ್ನು ಹೆಪ್ಪುಗಟ್ಟಿ ಮುಚ್ಚಿದ ನಾಳಗಳ ವಿಷಯ. ೧೯೯೫ರಲ್ಲಿ ಅಮೆರಿಕದ ಒಂದು ಪರೀಕ್ಷೆಯು, ರೋಗ ಬಡಿದ ಮೂರು ಗಂಟೆಗಳೊಳಗೆ ಹೆಪ್ಪು ಕರಗಿಸುವ ಔಷಧಿಯನ್ನು ರಕ್ತಕ್ಕೆ ಕೊಟ್ಟರೆ ಅಂಗವೈಕಲ್ಯ ಕಡಿಮೆಯಾಗುವುದೆಂದು ತೋರಿಸಿತು. ೨೦೦೮ರಲ್ಲಿ ಆ ಗಡುವು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಆದರೆ ದೊಡ್ಡ ಧಮನಿಯನ್ನು ಮುಚ್ಚಿದ ದೊಡ್ಡ ಹೆಪ್ಪು ಔಷಧಿಗೆ ಸುಲಭವಾಗಿ ಬಗ್ಗದು. ಅದನ್ನು ನಳಿಕೆಯ ಮೂಲಕ ಹೋಗಿ ಜಾಲರಿಯಲ್ಲಿ ಸಿಕ್ಕಿಸಿ ಹೊರಗೆಳೆಯುವ ಯತ್ನ ನಡೆಯಿತು. ೨೦೧೩ರಲ್ಲಿ ಒಟ್ಟಿಗೆ ಪ್ರಕಟವಾದ ಮೂರು ಪರೀಕ್ಷೆಗಳು ಇದರಿಂದ ಲಾಭವಿಲ್ಲವೆಂದು ಹೇಳಿದವು. ಈ ಸೋಲನ್ನು ಮುಚ್ಚಿಡದೆ ಪ್ರಕಟಿಸಿದ್ದೇ ಆ ವಿಜ್ಞಾನದ ಹಿರಿಮೆ ಎಂಬುದು ನಮ್ಮ ಅಭಿಪ್ರಾಯ. ಎಲ್ಲಿ ತಪ್ಪಿತೆಂದು ಹುಡುಕಿದಾಗ ಮೂರು ಸಂಗತಿ ಕಂಡವು: ಹಳೆಯ ಸಾಧನಗಳು ಒರಟಾಗಿದ್ದವು, ದೊಡ್ಡ ನಾಳ ಮುಚ್ಚಿದೆಯೇ ಎಂದು ಮೊದಲೇ ನೋಡದೆ ಅನೇಕರನ್ನು ಸೇರಿಸಿಕೊಂಡಿದ್ದರು, ಕೆಲಸ ತಡವಾಗುತ್ತಿತ್ತು. ಇವನ್ನು ತಿದ್ದಿಕೊಂಡ ಮೇಲೆ ಹಾಲೆಂಡಿನಲ್ಲಿ ೫೦೦ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲವು ೨೦೧೫ರಲ್ಲಿ ಬಂದಿತು. ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾದವರು ಹಳೆಯ ಚಿಕಿತ್ಸೆಯಲ್ಲಿ ನೂರಕ್ಕೆ ೧೯.೧, ಹೊಸದರಲ್ಲಿ ೩೨.೬. ಅದೇ ವರ್ಷ ಇನ್ನೂ ನಾಲ್ಕು ಪರೀಕ್ಷೆಗಳು ಇದನ್ನೇ ದೃಢಪಡಿಸಿದವು. ೨೦೧೮ರಲ್ಲಿ ಬಂದ ಎರಡು ಪರೀಕ್ಷೆಗಳು, ಮಿದುಳಿನ ಎಷ್ಟು ಭಾಗ ಇನ್ನೂ ಜೀವಂತವಾಗಿದೆಯೆಂದು ಚಿತ್ರದಿಂದ ಅರಿತು ಆಯ್ದವರಲ್ಲಿ, ಹದಿನಾರು ಗಂಟೆ, ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೂ ಲಾಭವುಂಟೆಂದು ತೋರಿಸಿದವು.

ಇಲ್ಲಿಯವರೆಗಿನದು ಸಂತೋಷದ ಕಥೆ. ಆದರೆ ಹಾಲೆಂಡಿನಲ್ಲಿ ಘಟ್ಟಗಳಿಲ್ಲ.

ದೊಡ್ಡ ಧಮನಿ ಮುಚ್ಚಿದಾಗ ನಿಮಿಷಕ್ಕೆ ಸರಾಸರಿ ೧೯ ಲಕ್ಷ ನರಕೋಶಗಳು ಸಾಯುತ್ತವೆಂದು ೨೦೦೬ರಲ್ಲಿ ಅಮೆರಿಕದ ಜೆಫ್ರಿ ಸೇವರ್ ಲೆಕ್ಕ ಹಾಕಿದರು. ಕಾರವಾರದಿಂದ ಹುಬ್ಬಳ್ಳಿಗೆ ಸುಮಾರು ೧೬೫ ಕಿಲೋಮೀಟರು. ಅಂಕೋಲೆ ದಾಟಿ, ಅರಬೈಲು ಘಟ್ಟವೇರಿ, ಯಲ್ಲಾಪುರದ ಮೇಲೆ ಹೋಗಬೇಕು. ಲಾರಿಗಳ ಸಾಲಿನ ಹಿಂದೆ ಮೂರು ಗಂಟೆಯಾದರೂ ಬೇಕು. ಗುಣಿಸಿ ನೋಡಿದರೆ ೩೪ ಕೋಟಿ ಕೋಶಗಳಾಯಿತು. ಇದು ಸರಾಸರಿ ಮಾತ್ರವೆಂಬುದನ್ನು ಹೇಳಲೇಬೇಕು. ಕೆಲವರಲ್ಲಿ ಅಕ್ಕಪಕ್ಕದ ಸಣ್ಣ ನಾಳಗಳು ಒಂದಿಷ್ಟು ರಕ್ತವನ್ನು ಸಾಗಿಸುತ್ತ ಗಂಟೆಗಟ್ಟಲೆ ಕಾಯುತ್ತವೆ, ಕೆಲವರಲ್ಲಿ ಅರ್ಧ ಗಂಟೆಯೂ ಕಾಯುವುದಿಲ್ಲ. ಮಣಿಪಾಲಕ್ಕೆ ಇನ್ನೂ ದೂರ. ಗೋವೆಯ ಬಾಂಬೋಳಿಯ ವೈದ್ಯಕೀಯ ಕಾಲೇಜು ಸುಮಾರು ನೂರು ಕಿಲೋಮೀಟರು. ಹತ್ತಿರವೇನೋ ಹೌದು, ಆದರೆ ನಡುವೆ ರಾಜ್ಯದ ಎಲ್ಲೆಯಿದೆ. ೨೦೧೮ರಲ್ಲಿ ಅಲ್ಲಿಯ ಸರ್ಕಾರವು ಹೊರರಾಜ್ಯದ ರೋಗಿಗಳಿಗೆ ಶುಲ್ಕ ವಿಧಿಸತೊಡಗಿತು. ಹೆಪ್ಪಿಗೆ ಎಲ್ಲೆ ತಿಳಿಯದು, ಕಾಗದಪತ್ರಕ್ಕೆ ತಿಳಿಯುತ್ತದೆ.

ದಾರಿಯ ಮಾತು ಬಂದುದರಿಂದ ಇತ್ತೀಚಿನ ಕೆಲವು ವರ್ಷಗಳನ್ನು ನೆನೆಯೋಣ. ೨೦೨೧ರ ಜುಲೈ ಮಳೆಯಲ್ಲಿ ಅರಬೈಲು ಘಟ್ಟ ಕುಸಿದು ಹುಬ್ಬಳ್ಳಿಯ ದಾರಿ ಕಡಿಯಿತು. ೨೦೨೨ರ ಜುಲೈ ೨೦ರಂದು ಹೊನ್ನಾವರದಿಂದ ರೋಗಿಯನ್ನು ಕುಂದಾಪುರದ ಕಡೆಗೆ ಒಯ್ಯುತ್ತಿದ್ದ ಆಂಬುಲೆನ್ಸು ಬೈಂದೂರಿನ ಶಿರೂರು ಸುಂಕದ ಕಟ್ಟೆಯಲ್ಲಿ ಮಗುಚಿ ನಾಲ್ವರು ಸತ್ತರು. ೨೦೨೪ರ ಜುಲೈ ೧೬ರಂದು ಅಂಕೋಲೆ ತಾಲ್ಲೂಕಿನ ಇನ್ನೊಂದು ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿಗೆ ನೂಕಿತು. ದಾರಿ ಹಲವು ದಿನ ಮುಚ್ಚಿತ್ತು. ಮೂರು ವಾರ ಕಳೆಯುತ್ತಿದ್ದಂತೆ, ಆಗಸ್ಟ್ ೭ರ ನಡುರಾತ್ರಿ, ಕಾಳಿ ನದಿಯ ಹಳೆಯ ಸೇತುವೆ ಮುರಿದು ಗೋವೆಯ ದಾರಿಯೂ ಒಂದೇ ಸೇತುವೆಗೆ ಇಳಿಯಿತು. ದಕ್ಷಿಣಕ್ಕೆ, ಪೂರ್ವಕ್ಕೆ, ಉತ್ತರಕ್ಕೆ, ಮೂರು ದಿಕ್ಕಿನ ದಾರಿಯೂ ಮಳೆಗಾಲದಲ್ಲಿ ಎಂದಾದರೂ ಕಡಿಯಬಲ್ಲುದೆಂದು ನಾಲ್ಕು ವರ್ಷಗಳಲ್ಲಿ ಸಿದ್ಧವಾಯಿತು. ಪಶ್ಚಿಮಕ್ಕೆ ಸಮುದ್ರ.

೨೦೨೨ರ ಆ ಅಪಘಾತದ ಅನಂತರ ಉತ್ತರ ಕನ್ನಡಕ್ಕೆ ಸಕಲ ಸೌಕರ್ಯಗಳ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಜಿಲ್ಲೆಯಾದ್ಯಂತ ಎದ್ದಿತು. ಆಸ್ಪತ್ರೆಯಿಲ್ಲದಿದ್ದರೆ ಮತವಿಲ್ಲವೆಂದೂ ಜನ ಹೇಳಿದರು. ಬೇಡಿಕೆ ನ್ಯಾಯವಾದುದು. ಆದರೆ ‘ಸೂಪರ್ ಸ್ಪೆಷಾಲಿಟಿ’ ಎಂಬ ಫಲಕವನ್ನು ಕೇಳುವುದು ಬೇರೆ, ಆ ಫಲಕದ ಕೆಳಗೆ ರಾತ್ರಿ ಎರಡು ಗಂಟೆಗೆ ಏನು ನಡೆಯಬೇಕೆಂದು ಕೇಳುವುದು ಬೇರೆ. ಲಕ್ವದ ಮಟ್ಟಿಗೆ ನಾವು ಎರಡನೆಯದನ್ನು ಕೇಳಬೇಕೆಂದು ವಾದಿಸುತ್ತೇವೆ.

ಹೆಪ್ಪು ಎಳೆಯುವ ಕೇಂದ್ರಕ್ಕೇ ರೋಗಿಯನ್ನು ನೇರವಾಗಿ ಒಯ್ಯುವುದು ಮೇಲೋ, ಹತ್ತಿರದ ಆಸ್ಪತ್ರೆಯಲ್ಲಿ ಸಿ.ಟಿ. ತೆಗೆದು, ಔಷಧಿ ಕೊಟ್ಟು, ಆಮೇಲೆ ಕಳುಹಿಸುವುದು ಮೇಲೋ? ಸ್ಪೇನಿನ ಕ್ಯಾಟಲೋನಿಯಾದಲ್ಲಿ, ದೊಡ್ಡ ನಗರಗಳಿಂದ ದೂರದ ಪ್ರದೇಶಗಳಲ್ಲಿಯೇ, ಈ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದರು. ೧,೪೦೧ ರೋಗಿಗಳ ಆ ಪರೀಕ್ಷೆ ೨೦೨೨ರಲ್ಲಿ ಪ್ರಕಟವಾಯಿತು. ತೊಂಬತ್ತು ದಿನಗಳ ಕೊನೆಗೆ ಎರಡು ಗುಂಪುಗಳ ಸ್ಥಿತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನಾಳ ಒಡೆದವರಿಗಂತೂ ದೂರದ ನೇರ ಪ್ರಯಾಣ ಕೇಡನ್ನೇ ಮಾಡಿತೆಂದು ಅದೇ ಮಾಹಿತಿಯ ಮುಂದಿನ ವಿಶ್ಲೇಷಣೆ ತಿಳಿಸಿತು. ನಮಗೆ ಇದಕ್ಕಿಂತ ಉಪಯುಕ್ತವಾದ ಸಂಶೋಧನೆ ಇನ್ನೊಂದಿಲ್ಲ. ಆದರೆ ಇದರಲ್ಲಿ ಒಂದು ಷರತ್ತು ಅಡಗಿದೆ: ಅಲ್ಲಿಯ ಹತ್ತಿರದ ಆಸ್ಪತ್ರೆಗಳು ಹೆಸರಿಗೆ ಮಾತ್ರ ಹತ್ತಿರವಾಗಿರಲಿಲ್ಲ. ಹಗಲು ರಾತ್ರಿ ಯಂತ್ರ ನಡೆಯುತ್ತಿತ್ತು, ಔಷಧಿ ಕಪಾಟಿನಲ್ಲಿತ್ತು, ಅದನ್ನು ಕೊಡಬಲ್ಲ ವೈದ್ಯನಿದ್ದನು, ಮುಂದಿನ ಊರಿನ ವೈದ್ಯನಿಗೆ ಚಿತ್ರ ಕೂಡಲೇ ತಲುಪುತ್ತಿತ್ತು.

ಇಷ್ಟನ್ನು ನಮ್ಮ ದೇಶದ ಗುಡ್ಡಗಾಡಿನಲ್ಲಿ ಮಾಡಲಾದೀತೇ? ಮಾಡಿದವರಿದ್ದಾರೆ. ಘಟ್ಟಗಳ ದೃಷ್ಟಿಯಿಂದ ನಮಗಿಂತ ಎಷ್ಟೋ ಕಷ್ಟದಲ್ಲಿರುವ ಹಿಮಾಚಲ ಪ್ರದೇಶದಲ್ಲಿ, ನರರೋಗತಜ್ಞರಿಲ್ಲದ ಜಿಲ್ಲಾಸ್ಪತ್ರೆಗಳ ವೈದ್ಯರು ಸಿ.ಟಿ. ಚಿತ್ರವನ್ನು ಮೊಬೈಲಿನಲ್ಲಿ ದೂರದ ತಜ್ಞರಿಗೆ ಕಳುಹಿಸಿ, ಅವರ ಸಲಹೆಯಂತೆ ಹೆಪ್ಪು ಕರಗಿಸುವ ಔಷಧಿಯನ್ನು ಸರ್ಕಾರದ ವೆಚ್ಚದಲ್ಲಿ ಕೊಟ್ಟಿದ್ದಾರೆ. ಕೇರಳದ ಜಿಲ್ಲಾಸ್ಪತ್ರೆಗಳಲ್ಲಿಯೂ ಇಂಥ ವ್ಯವಸ್ಥೆಯಿದೆ. ಮೊದಲಿನ ಔಷಧಿಯನ್ನು ಒಂದು ಗಂಟೆ ಕಾಲ ಹನಿಹನಿಯಾಗಿ ಕೊಡಬೇಕಾಗಿತ್ತು. ಟೆನೆಕ್ಟಿಪ್ಲೇಸ್ ಎಂಬ ಹೊಸದನ್ನು ಒಂದೇ ಸಲ ಚುಚ್ಚಿ ರೋಗಿಯನ್ನು ಗಾಡಿಗೆ ಹತ್ತಿಸಬಹುದು. ಚಿಕ್ಕ ಆಸ್ಪತ್ರೆಗೆ ಇದೊಂದು ವರವೇ ಸರಿ. ನಮ್ಮ ರಾಜ್ಯದಲ್ಲಿಯೂ ನಿಮ್ಹಾನ್ಸ್ ಸಂಸ್ಥೆಯ ಸಹಾಯದಿಂದ ಮಿದುಳಿನ ಆರೋಗ್ಯದ ಯೋಜನೆಯೊಂದು ೨೦೨೨ರಲ್ಲಿ ಆರಂಭವಾಯಿತು. ಮೊದಲು ಆರಿಸಿಕೊಂಡುದು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ದಕ್ಷಿಣ ಭಾಗ. ಅವು ನಿಮ್ಹಾನ್ಸಿನ ನೆರೆಹೊರೆ. ಪ್ರಯೋಗಕ್ಕೆ ಹತ್ತಿರದ ಊರು ಅನುಕೂಲವೆಂಬುದು ನಿಜ. ಆದರೆ ದೂರವೇ ರೋಗದ ಒಂದು ಕಾರಣವಾಗಿರುವಲ್ಲಿ ಪ್ರಯೋಗವನ್ನು ದೂರದಲ್ಲಿಯೇ ಮಾಡಿ ನೋಡಬೇಕಾಗಿತ್ತು.

ಹಾಗಾದರೆ ಹೆಪ್ಪು ಎಳೆಯುವ ಕೇಂದ್ರ ಕಾರವಾರಕ್ಕೆ ಬೇಡವೇ? ಇಲ್ಲಿ ಒಂದು ಒರಟು ಲೆಕ್ಕ ಹಾಕೋಣ. ೨೦೧೧ರ ಜನಗಣತಿಯಲ್ಲಿ ಉತ್ತರ ಕನ್ನಡದ ಜನಸಂಖ್ಯೆ ೧೪ ಲಕ್ಷ ೩೭ ಸಾವಿರ. ಭಾರತದಲ್ಲಿ ನಡೆದ ಸಮೀಕ್ಷೆಗಳ ಪ್ರಕಾರ ವರ್ಷಕ್ಕೆ ಲಕ್ಷ ಜನರಲ್ಲಿ ನೂರರಿಂದ ನೂರೈವತ್ತು ಮಂದಿಗೆ ಲಕ್ವ ಬಡಿಯುತ್ತದೆಂದು ಹಿಡಿದರೆ, ಜಿಲ್ಲೆಯಲ್ಲಿ ದಿನಕ್ಕೆ ನಾಲ್ಕರಿಂದ ಆರು ಮಂದಿ. ಅವರಲ್ಲಿ ಹೆಪ್ಪು ಎಳೆಯುವ ಚಿಕಿತ್ಸೆಗೆ ತಕ್ಕವರು ಹೆಚ್ಚೆಂದರೆ ಹತ್ತರಲ್ಲೊಬ್ಬರು. ಶಿರಸಿ, ಹಳಿಯಾಳ, ಮುಂಡಗೋಡಿನವರು ಹುಬ್ಬಳ್ಳಿಗೂ ಭಟ್ಕಳದವರು ಮಣಿಪಾಲಕ್ಕೂ ಹೋಗುವುದೇ ಸಹಜ. ಉಳಿದವರಿಗೆಂದು ಲೆಕ್ಕ ಹಾಕಿದರೂ ವಾರಕ್ಕೆ ಒಬ್ಬಿಬ್ಬರು ಸಿಗುತ್ತಾರೆ. ಕೈ ಪಳಗಿರಲು ಇದು ತೀರ ಕಡಿಮೆಯಲ್ಲ, ಹೆಚ್ಚೂ ಅಲ್ಲ. ಆದುದರಿಂದ ಕಾರವಾರದಲ್ಲಿ ಇಂಥ ಕೇಂದ್ರವೆಂಬುದು ಹಗಲುಗನಸೆಂದು ತಳ್ಳಿಹಾಕುವವರ ಪಕ್ಷಕ್ಕೆ ನಾವು ಸೇರುವುದಿಲ್ಲ. ಆದರೆ ಒಬ್ಬ ತಜ್ಞನನ್ನು ನೇಮಿಸಿದರೆ ಕೇಂದ್ರವಾಗುವುದಿಲ್ಲ. ಒಬ್ಬನೇ ಆದರೆ ಅವನು ನಿದ್ರೆ ಮಾಡುವ ಹೊತ್ತಿಗೂ ಊರಿಗೆ ಹೋಗುವ ಹೊತ್ತಿಗೂ ಕೇಂದ್ರ ಮುಚ್ಚಿರುತ್ತದೆ. ಮೂವರಾದರೂ ಬೇಕು, ಅವರೊಡನೆ ಅರಿವಳಿಕೆಯವರು, ದಾದಿಯರು, ಯಂತ್ರ ನಡೆಸುವವರು ಬೇಕು, ಅವರು ಇಲ್ಲಿ ನೆಲೆಸಲು ಕಾರಣವಿರಬೇಕು. ಇದು ವರ್ಷಗಳ ಕೆಲಸ. ರಾತ್ರಿಯ ಸಿ.ಟಿ. ಮತ್ತು ಕಪಾಟಿನ ಔಷಧಿ ತಿಂಗಳುಗಳ ಕೆಲಸ. ದೊಡ್ಡದಕ್ಕಾಗಿ ಕಾಯುತ್ತ ಚಿಕ್ಕದನ್ನು ಮರೆಯುವುದು ನಮ್ಮ ಸಾರ್ವಜನಿಕ ಜೀವನದ ಹಳೆಯ ಚಾಳಿ.

ಧಮನಿಯುಬ್ಬಿನ ಮಾತು ಬೇರೆ. ಒಡೆದ ಉಬ್ಬು ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮತ್ತೆ ಒಡೆಯುವ ಭಯವೇ ಹೆಚ್ಚು. ಆದರೂ ಅಲ್ಲಿಯ ಲೆಕ್ಕ ಗಂಟೆಗಳದು, ನಿಮಿಷಗಳದಲ್ಲ. ಸುರುಳಿ ಹಾಕುವ ಕೆಲಸ ಹುಬ್ಬಳ್ಳಿ ಮಣಿಪಾಲ ಬೆಂಗಳೂರುಗಳಂಥ ಹೆಚ್ಚು ರೋಗಿಗಳನ್ನು ಕಾಣುವ ಊರುಗಳಲ್ಲಿಯೇ ನಡೆಯುವುದು ಕ್ಷೇಮ. ಇ‍ಲ್ಲಿ ಬೇಕಾದುದು ಆ ತಲೆನೋವನ್ನು ಗುರುತಿಸುವ ಕಣ್ಣು. ಪಿತ್ತವೆಂದೋ ಬಿಸಿಲೆಂದೋ ಮಾತ್ರೆ ಕೊಟ್ಟು ಮನೆಗೆ ಕಳುಹಿಸಿದರೆ ಎರಡನೆಯ ಸಲ ಅವನು ಬರುವುದಿಲ್ಲ.

ಈಗ ಬೆಳಂಬಾರ. ನಗರದ ವಿದ್ಯಾವಂತರು ಇಂಥ ಔಷಧಿಗಳನ್ನು ಕಂಡರೆ ನಗುತ್ತಾರೆ. ನಾವು ನಗುವುದಿಲ್ಲ, ಆದರೆ ಕಣ್ಣು ಮುಚ್ಚಿ ನಂಬುವುದೂ ಇಲ್ಲ. ಲಕ್ವದ ಒಂದು ಸ್ವಭಾವವನ್ನು ಎಲ್ಲರೂ ತಿಳಿದಿರಬೇಕು. ಮೊದಲ ಪೆಟ್ಟಿನಲ್ಲಿ ಉಳಿದುಕೊಂಡವರಲ್ಲಿ ಹೆಚ್ಚಿನವರು ಮುಂದಿನ ವಾರಗಳಲ್ಲಿ, ತಿಂಗಳುಗಳಲ್ಲಿ, ಯಾವ ಔಷಧಿಯಿಲ್ಲದಿದ್ದರೂ ಒಂದಿಷ್ಟು ಚೇತರಿಸಿಕೊಳ್ಳುತ್ತಾರೆ. ಊತ ಇಳಿಯುತ್ತದೆ, ಬದುಕಿದ ಕೋಶಗಳು ಸತ್ತವುಗಳ ಕೆಲಸವನ್ನು ಕಲಿಯುತ್ತವೆ. ಮುಖ ಮಾತ್ರ ಸೊಟ್ಟಗಾಗುವ ಇನ್ನೊಂದು ಕಾಯಿಲೆಯಂತೂ ಬಹುಪಾಲು ತಾನಾಗಿ ಗುಣವಾಗುತ್ತದೆ. ಜನ ಅದನ್ನೂ ಲಕ್ವವೆಂದೇ ಕರೆಯುತ್ತಾರೆ. ಹೀಗಿರುವಾಗ ಈ ಅವಧಿಯಲ್ಲಿ ಯಾರು ಏನು ಕೊಟ್ಟರೂ ಕೀರ್ತಿ ಅವರದಾಗುತ್ತದೆ. ಇದು ನಾಟಿ ಔಷಧಿಗೆ ಮಾತ್ರ ಹೇಳಿದ ಮಾತಲ್ಲ, ದೊಡ್ಡ ಆಸ್ಪತ್ರೆಗೂ ಸಲ್ಲುತ್ತದೆ. ಮನೆಯವರಿಗೇ ತರಬೇತು ಕೊಟ್ಟು ರೋಗಿಗೆ ವ್ಯಾಯಾಮ ಮಾಡಿಸಿದರೆ ಗುಣ ಹೆಚ್ಚುವುದೆಂಬ ಸಮಂಜಸವಾದ ನಂಬಿಕೆಯನ್ನು ಭಾರತದ ೧೪ ಆಸ್ಪತ್ರೆಗಳಲ್ಲಿ, ೧,೨೫೦ ರೋಗಿಗಳ ಮೇಲೆ ಪರೀಕ್ಷಿಸಿದಾಗ, ೨೦೧೭ರಲ್ಲಿ ತಿಳಿದುಬಂದುದು ವ್ಯತ್ಯಾಸವಿಲ್ಲವೆಂದು. ಸಮಂಜಸವಾಗಿ ತೋರುವುದೆಲ್ಲ ಸತ್ಯವಲ್ಲ. ಬೆಳಂಬಾರದ ಔಷಧಿಗೂ ಅಂಥದೇ ಪ್ರಾಮಾಣಿಕ ಪರೀಕ್ಷೆ ನಡೆಯಲಿ. ಅಲ್ಲಿಯವರ ಒಪ್ಪಿಗೆಯಿಂದ, ಅವರ ಜ್ಞಾನದ ಹಕ್ಕನ್ನು ಅವರಿಗೇ ಉಳಿಸಿ. ಅದರಿಂದ ಫಲವುಂಟಾದರೆ ಲೋಕಕ್ಕೆ ಲಾಭ, ಇಲ್ಲವಾದರೆ ಸಾವಿರಾರು ಬಡವರಿಗೆ ಗಾಡಿಯ ಬಾಡಿಗೆ ಉಳಿತಾಯ.

ಅಲ್ಲಿಯವರೆಗೆ ನಮ್ಮ ತಕರಾರು ಒಂದೇ, ಅದು ಸರದಿಯನ್ನು ಕುರಿತದ್ದು. ಔಷಧಿಗೆ ಹೋಗುವವರು ಎರಡನೆಯ ವಾರದಲ್ಲಿ ಹೋಗಲಿ, ಎರಡನೆಯ ಗಂಟೆಯಲ್ಲಿ ಅಲ್ಲ. ಮೊದಲ ನಾಲ್ಕೂವರೆ ಗಂಟೆ ಸಿ.ಟಿ. ಯಂತ್ರದ ಪಾಲಿನದು. ಈ ಮಾತನ್ನು ಕಾಲೇಜಿನವರು ಭಾಷಣ ಮಾಡಿ ಹೇಳಿದರೆ ಕೇಳುವವರು ಕಡಿಮೆ. ನಾಟಿ ವೈದ್ಯರ ಬಾಯಿಂದಲೇ, ‘ಮೊದಲು ಆಸ್ಪತ್ರೆಗೆ ಹೋಗಿ ಬಾ’ ಎಂದು ಬಂದರೆ ಒಂದು ಫಲಕವೂ ಬೇಕಾಗದು. ಆರೋಗ್ಯ ಇಲಾಖೆಯವರು ಅವರನ್ನು ವಿರೋಧಿಗಳೆಂದು ಎಣಿಸದೆ ಜೊತೆಗೂಡಿಸಿಕೊಳ್ಳಬೇಕು.

ಸಂಶೋಧನೆಯ ಬಗೆಗೂ ಒಂದು ಮಾತು. ಮಿದುಳಿನೊಳಗಿನ ಧಮನಿಗಳ ಗೋಡೆಯಲ್ಲಿಯೇ ಕೊಬ್ಬು ಕಟ್ಟಿ ದಾರಿ ಕಿರಿದಾಗುವುದು ಏಷ್ಯದ ಜನರಲ್ಲಿ ಹೆಚ್ಚು. ದಾರಿಯ ತ್ರಿಜ್ಯ ಅರ್ಧವಾದರೆ ಪ್ವಾಸೇಯನ ನಿಯಮದಂತೆ ಹರಿವು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಅಂಥಲ್ಲಿ ಹೆಪ್ಪನ್ನು ಎಳೆದು ತೆಗೆದರೂ ಕಿರಿದಾದ ಕೊಳವೆ ಕಿರಿದಾಗಿಯೇ ಉಳಿಯುತ್ತದೆ. ಮೇಲಾಗಿ ನಮ್ಮಲ್ಲಿ ಲಕ್ವ ಬಡಿಯುವ ವಯಸ್ಸೂ ಕಡಿಮೆ. ಆದುದರಿಂದ ಹಾಲೆಂಡಿನ ಅಂಕಿಗಳನ್ನು ಹಾಗೆಯೇ ಕರಾವಳಿಗೆ ಅನ್ವಯಿಸಲಾಗದು. ಹೆಪ್ಪೆಳೆಯುವ ಸಾಧನವೊಂದನ್ನು ನಮ್ಮ ದೇಶದ ರೋಗಿಗಳ ಮೇಲೆಯೇ ಪರೀಕ್ಷಿಸುವ ಕೆಲಸ ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆ ಮುಂತಾದೆಡೆ ನಡೆದು ೨೦೨೫ರಲ್ಲಿ ಅದರ ಫಲ ಪ್ರಕಟವಾದುದು ಸಮಾಧಾನದ ಸಂಗತಿ.

ಲಕ್ವವು ಬಾರದಂತೆ ನೋಡಿಕೊಳ್ಳುವುದೇ ಎಲ್ಲಕ್ಕಿಂತ ಅಗ್ಗವೆಂಬುದು ಹೊಸ ಮಾತಲ್ಲ. ಕಾರಣಗಳಲ್ಲಿ ರಕ್ತದೊತ್ತಡವೇ ಹಿರಿಯಣ್ಣ. ಒಣಮೀನು, ಉಪ್ಪಿನಕಾಯಿ, ಹಪ್ಪಳಗಳ ನಮ್ಮ ಮಳೆಗಾಲದ ಊಟಕ್ಕೂ ಅದಕ್ಕೂ ನಂಟಿದೆ. ಒತ್ತಡದ ಮಾತ್ರೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ಸಿಗುವಂತಿದ್ದರೆ ಪ್ಲಾಟಿನಂ ಸುರುಳಿಯ ಅಗತ್ಯವೂ ಒಂದಿಷ್ಟು ತಗ್ಗೀತು.

ಮನೆಯವರು ಮಾಡಬೇಕಾದುದು ಒಂದಿದೆ, ವೆಚ್ಚವಿಲ್ಲದ್ದು. ಬಾಯಿ ಸೊಟ್ಟಗಾದುದನ್ನು ಕಂಡೊಡನೆ ಗಡಿಯಾರ ನೋಡಿ ಹೊತ್ತನ್ನು ಬರೆದಿಟ್ಟುಕೊಳ್ಳಬೇಕು. ರೋಗಿ ನಿದ್ರೆಯಿಂದ ಏಳುವಾಗಲೇ ಕೈ ಬಿದ್ದಿದ್ದರೆ, ಕೊನೆಯ ಬಾರಿ ಅವನು ಸರಿಯಾಗಿದ್ದುದನ್ನು ಕಂಡ ಹೊತ್ತನ್ನು ಹೇಳಬೇಕು. ಗಡುವಿನ ಲೆಕ್ಕ ಅಲ್ಲಿಂದಲೇ. ನೀರು ಕುಡಿಸಬಾರದು, ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕ್ಕಿಳಿಯುತ್ತದೆ. ೧೦೮ಕ್ಕೆ ಕರೆ ಮಾಡಬೇಕು.

ಆಸ್ಪತ್ರೆ ಮಾಡಬೇಕಾದುದೂ ಒಂದಿದೆ. ಲಕ್ವದ ರೋಗಿ ಬಾಗಿಲು ದಾಟಿದ ಹೊತ್ತು, ಸಿ.ಟಿ. ಚಿತ್ರ ಬಂದ ಹೊತ್ತು, ಸೂಜಿ ಚುಚ್ಚಿದ ಹೊತ್ತು, ಆಂಬುಲೆನ್ಸು ಹೊರಟ ಹೊತ್ತು, ಈ ನಾಲ್ಕನ್ನು ಬರೆದಿಟ್ಟು, ಹೆಸರುಗಳನ್ನು ಬಿಟ್ಟು ನಿಮಿಷಗಳನ್ನು ಮಾತ್ರ, ಪ್ರತಿ ತಿಂಗಳೂ ಪ್ರಕಟಿಸಲಿ. ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಸಂಶೋಧನಾ ವಿಷಯ ಸಿಗಲಾರದು. ವಿದೇಶದ ಯಂತ್ರ ಬೇಡ, ಒಂದು ಪುಸ್ತಕ ಮತ್ತು ಗೋಡೆಯ ಗಡಿಯಾರ ಸಾಕು. ಮುಂದಿನ ಜೂನಿನಲ್ಲಿ ಮಳೆ ಹಿಡಿಯುವ ಮೊದಲು ಜಿಲ್ಲಾಡಳಿತದವರು, ಅರಬೈಲು ಮುಚ್ಚಿದರೆ ರೋಗಿ ಯಾವ ಕಡೆಗೆ, ಹೆದ್ದಾರಿಗೆ ಗುಡ್ಡ ಬಿದ್ದರೆ ಯಾವ ಕಡೆಗೆ, ಎರಡೂ ಮುಚ್ಚಿದರೆ ಯಾರಿಗೆ ದೂರವಾಣಿ ಮಾಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಪ್ರತಿ ಆಂಬುಲೆನ್ಸಿನ ಚಾಲಕನ ಕೈಗೆ ಕೊಡಬೇಕು.